ಡ್ರೇನ್ ತೆರೆದು ನೋಡಲಾಗಿದೆ

ಮಾರ್ಚ್ 4, ಮಧ್ಯಾಹ್ನ 3.40

ಫ್ಯಾಕ್ಟರಿಯ ಏಳನೇ ಆಸಿಡ್ ಟ್ಯಾಂಕ್ ಮುಗಿಯಿತು. ವರ್ಷಕ್ಕೊಂದು ಸಲದ ತೊಳೆತ. ಮೊದಲು ನೀರು, ಆಮೇಲೆ ಸ್ಪಿರಿಟ್, ಆಮೇಲೆ ಸ್ಪಿರಿಟ್ ಆರುವ ತನಕ ನೈಟ್ರೋಜನ್ ಗಾಳಿ. ಗಾಳಿ ನಿನ್ನೆ ಸಂಜೆಯಿಂದ ಓಡುತ್ತಿತ್ತು, ಬೆಳಿಗ್ಗೆ ನಾನೇ ನಿಲ್ಲಿಸಿದೆ. ಕೈ ಇನ್ನೂ ಸ್ಪಿರಿಟ್ ನಾರುತ್ತಿದೆ. ಮೂರು ಸಲ ಸೋಪು ಹಚ್ಚಿದ್ದಾಯಿತು. ಹೆಂಡತಿ ನೋಡಿ, "ತೊಳೆದ ಕೈನೇ ತೊಳೀತಾ ನಿಂತ್ರೆ ಊಟ ಯಾವಾಗ ರೀ?" ಅಂದಳು.

ಹದಿನಾಲ್ಕು ಸಾಲಿನ ಚೆಕ್‌ಲಿಸ್ಟ್. ಹದಿನಾಲ್ಕಕ್ಕೂ ಟೀ ಹೊತ್ತಿನಲ್ಲಿ ಒಟ್ಟಿಗೆ ಸಹಿ. ಎಲ್ಲರೂ ಹಾಗೆಯೇ. ಒಂದೊಂದು ಸಾಲಿಗೂ ಗ್ಲೌಸ್ ಬಿಚ್ಚಿ, ಪೆನ್ನು ಹುಡುಕಿ, ಸಹಿ ಹಾಕಿ, ಮತ್ತೆ ಗ್ಲೌಸ್ ಏರಿಸುತ್ತಾ ಕೂತರೆ ಶಿಫ್ಟ್ ಮುಗಿಯುವುದು ಮಾರನೆಯ ದಿನವೇ. ಹನ್ನೊಂದನೇ ಸಾಲು ಮಾತ್ರ — 'ಕೆಳಗಿನ ಡ್ರೇನ್ ತೆರೆದು ನೋಡಲಾಗಿದೆ' — ನಿಜವಾಗಿ ನೋಡಿಲ್ಲ. ದೊಡ್ಡ ಸ್ಪ್ಯಾನರ್ ನಮ್ಮ ಫಿಟ್ಟರ್ ಪೈಪ್ ಅಣ್ಣನ ಹತ್ತಿರ ಇತ್ತು. ಅವನು ಎರಡನೇ ಬ್ಲಾಕಿನಲ್ಲಿ. ಅರ್ಧ ಗಂಟೆ ಕಾದೆ. ಮೇಲಿನಿಂದ ಟಾರ್ಚ್ ಬಿಟ್ಟರೆ ಒಳಗೆ ಥಳಥಳ, ಒಂದು ಹನಿ ಇಲ್ಲ. ಸಹಿ ಹಾಕಿ ಬಂದೆ.

ಈ ನೋಟ್‌ಬುಕ್ ಹೆಂಡತಿ ಕೊಟ್ಟಿದ್ದು. ಅವಳ ಡ್ರೈವಿಂಗ್ ಸ್ಕೂಲಿನದು, ಮೇಲೆ ಕಾರಿನ ಚಿತ್ರ ಇದೆ. ಸಂಜೆ ಸಂಜೆ ಅವಳ ಮುಂದೆ ನನ್ನ ಭಯದ ವಾರ್ತೆ ಓದುತ್ತೇನಂತೆ. ಗ್ಯಾಸ್ ಆರಿಸಿದ್ದೀಯಾ, ಬೀಗ ಹಾಕಿದೆವಾ, ಎದೆ ಎಡಗಡೆ ಚುಚ್ಚಿದರೆ ಏನರ್ಥ... "ಎಲ್ಲಾ ಇದರಲ್ಲಿ ಬರ್ಕೊಳಿ, ನನ್ನ ಕಿವಿಗೆ ಸ್ವಲ್ಪ ರಜ ಕೊಡಿ." ದಿನವಿಡೀ ಕಲಿಯುವವರ ಪಕ್ಕದಲ್ಲಿ ಕೂರುವ ಹೆಂಗಸು. ಲಾರಿ ಎದುರು ಬಂದರೂ ದನಿ ಏರಿಸುವುದಿಲ್ಲ. ನಾನೋ, ಪ್ರೆಶರ್ ಕುಕ್ಕರ್ ಕೂಗಿದರೆ ಬೆಚ್ಚುವವನು. ಹೇಗೆ ಜೋಡಿಯಾದೆವೋ.

ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ. ಇವತ್ತಿನ ಭಯ: ಏನೂ ಇಲ್ಲ.

ಮಾರ್ಚ್ 6

ನಿನ್ನೆ ನನಗೆ ವಾರದ ರಜೆ. ಇವತ್ತು ಹೋದಾಗ ಏಳನೇ ಟ್ಯಾಂಕಿಗೆ ಆಸಿಡ್ ತುಂಬಿ ಆಗಿತ್ತು. ಆದರೆ ಡ್ರೈಯರ್ ಮೋಟರ್ ಸುಟ್ಟು ಕೂತಿದೆ. ಹೊಸದು ಬರುವ ತನಕ ಲೈನ್ ಬಂದ್. ಆಸಿಡ್ ಟ್ಯಾಂಕಿನಲ್ಲೇ ಬಿದ್ದಿರುತ್ತದೆ. ನಮ್ಮನ್ನೆಲ್ಲ ಗೋಡೆಗೆ ಬಣ್ಣ ಬಳಿಯಲು ಹಚ್ಚಿದ್ದಾರೆ.

ಮಾರ್ಚ್ 19, ಸಂಜೆ

ಅವಳ ರಕ್ತದ ರಿಪೋರ್ಟ್ ಬಂತು. 0.01. ಡಾಕ್ಟರ್ ಭಾಷೆಯಲ್ಲಿ ಹೇಳಿದರೆ ಕಾಯಿಲೆ ಇದೆ, ಆದರೆ ಇಲ್ಲದ ಹಾಗೆ. ನಾಲ್ಕು ವರ್ಷದ ಹಿಂದೆ ಅದೇ ಕುರ್ಚಿಯಲ್ಲಿ ಕೂತು ಅವರು ರಕ್ತದ ಕ್ಯಾನ್ಸರ್ ಅಂದಿದ್ದರು. ಅವಳು ಕೇಳಿದ ಮೊದಲ ಪ್ರಶ್ನೆ: "ಗಾಡಿ ಓಡಿಸಬಹುದಾ?"

ದಿನಕ್ಕೊಂದು ಮಾತ್ರೆ, ಬೆಳಿಗ್ಗೆ ತಿಂಡಿ ಆದ ಮೇಲೆ. ಒಂದು ದಿನವೂ ತಪ್ಪಬಾರದು. ಅದೇ ಮಾತ್ರೆಯನ್ನು ನಮ್ಮ ಫ್ಯಾಕ್ಟರಿಯಲ್ಲಿ ಮಾಡುತ್ತಾರೆ. ಏಳನೇ ಟ್ಯಾಂಕಿನ ಆಸಿಡ್ ಹೋಗುವುದು ಅದಕ್ಕೇ. ಔಷಧವನ್ನು ಆಸಿಡ್ ಜೊತೆ ಸೇರಿಸಿ ಉಪ್ಪು ಮಾಡುತ್ತಾರೆ, ಮೆಸಿಲೇಟ್ ಅನ್ನುತ್ತಾರೆ. ಹಾಗೆ ಮಾಡಿದರೇ ಅದು ಹೊಟ್ಟೆಯಲ್ಲಿ ಕರಗುವುದು. ಕೆಲಸಗಾರರ ಮನೆಯವರಿಗೆ ಸ್ಟ್ರಿಪ್ ಅಲ್ಲಿಂದಲೇ ಸಿಗುತ್ತದೆ. ಭಾನುವಾರ ಸಂಜೆ, ದಿನಕ್ಕೊಂದರಂತೆ ಏಳು ಮನೆ ಇರುವ ಡಬ್ಬಿಗೆ ಏಳು ಮಾತ್ರೆ ತುಂಬುವುದು ನನ್ನ ಕೆಲಸ. ಅವಳನ್ನು ಬಿಟ್ಟರೆ ನನಗೆ ಯಾರಿದ್ದಾರೆ. ಎರಡೆರಡು ಸಲ ಎಣಿಸಿ ತುಂಬುತ್ತೇನೆ.

ಮೇ 29

ಕೊನೆಗೂ ಲೈನ್ ಶುರು. ಹೊಸ ಮೋಟರ್ ಹಳೆಯದಕ್ಕಿಂತ ಜಾಸ್ತಿ ಗೊಣಗುತ್ತದೆ. ಪೈಪ್ ಅಣ್ಣ ಅದಕ್ಕೆ ನಮ್ಮ ಸೂಪರ್‌ವೈಸರ್ ಹೆಸರಿಟ್ಟಿದ್ದಾನೆ. ಟ್ಯಾಂಕಿನಲ್ಲಿದ್ದ ಆಸಿಡ್ ಎಲ್ಲ ಒಂದೇ ಬ್ಯಾಚಿಗೆ ಹೋಯಿತು.

ಜುಲೈ 8

ಹೊಸ ಸ್ಟ್ರಿಪ್‌ಗಳು ಬಂದವು. ಮೂರು ತಿಂಗಳಿಗಾಗುವಷ್ಟು. ಹಳೆಯವು ಈ ವಾರಕ್ಕೆ ಮುಗಿಯುತ್ತವೆ, ಭಾನುವಾರದಿಂದ ಹೊಸದು ತುಂಬುವುದು. ಭಯ: ಏನೂ ಇಲ್ಲ. ಹಲ್ಲು ಸ್ವಲ್ಪ ನೋಯುತ್ತಿದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಜುಲೈ 22, ಸಂಜೆ 4

ಇವತ್ತು ಟ್ರೈನಿಂಗ್ ಇತ್ತು. ಲ್ಯಾಬ್ ಮೇಡಂ ಕ್ಲಾಸು. ತೂಕಡಿಸಲು ಅಂತಲೇ ಹಿಂದಿನ ಸಾಲಿನಲ್ಲಿ ಕೂತಿದ್ದೆ.

ಮೇಡಂ ಪರದೆಯ ಮೇಲೆ ಒಂದು ಚಿತ್ರ ಹಾಕಿದರು. ಟ್ಯಾಂಕಿನ ತಳ. ಡ್ರೇನಿಗೆ ಹೋಗುವ ಮುಂಚೆ ಪೈಪು ಮೊಣಕೈಯಂತೆ ಬಾಗುತ್ತದಲ್ಲ, ಆ ಜಾಗಕ್ಕೆ ಕೆಂಪು ಬಣ್ಣ ಬಳಿದಿದ್ದರು.

"ಮೇಲಿಂದ ಎಷ್ಟೇ ಗಾಳಿ ಬಿಡಿ, ಇಲ್ಲಿ ಒಂದು ಲೋಟ ಸ್ಪಿರಿಟ್ ನಿಂತೇ ನಿಲ್ಲುತ್ತೆ. ಟಾರ್ಚ್ ಬಿಟ್ರೆ ಕಾಣಲ್ಲ. ಅದರ ಮೇಲೆ ನಮ್ಮ ಆಸಿಡ್ ಬಿತ್ತು ಅಂತಿಟ್ಕೊಳಿ. ಇವತ್ತು ನಾಳೆ ಏನೂ ಆಗಲ್ಲ. ಬೇಸಿಗೇಲಿ ವಾರಗಟ್ಲೆ ನಿಂತ್ರೆ ಎರಡೂ ಸೇರಿ ಎಸ್ಟರ್ ಆಗುತ್ತೆ."

ನಿದ್ದೆ ಹಾರಿತು. ಎಸ್ಟರ್ ನನಗೆ ಗೊತ್ತು. ಎರಡನೇ ಬ್ಲಾಕಿನಲ್ಲಿ ಬೇಕೆಂದೇ ಮಾಡುತ್ತಾರೆ, ಇನ್ನೊಂದು ಕೆಮಿಕಲ್ ತಯಾರಿಸಲಿಕ್ಕೆ. ಅಲ್ಲಿ ಎರಡು ತಿಂಗಳು ಕೆಲಸ ಮಾಡಿದ್ದೇನೆ. ತಲೆಯಿಂದ ಕಾಲಿನ ತನಕ ಸೂಟು, ಬೆನ್ನಿಗೆ ಗಾಳಿಯ ಸಿಲಿಂಡರ್, ಡ್ರಮ್ಮಿನ ಮೇಲೆ ತಲೆಬುರುಡೆ.

ಮೇಡಂ ಹೇಳಿದರು, ಒಂದೇ ಗುಂಪು, ಮೆಸಿಲೇಟ್. ಔಷಧದ ಜೊತೆ ಉಪ್ಪಾಗಿ ಕೂತರೆ ಸಾಧು. ಸ್ಪಿರಿಟ್ ಜೊತೆ ಎಸ್ಟರ್ ಆಗಿ ಕೂತರೆ ಬುದ್ಧಿ ಬೇರೆ. ಕೂತಲ್ಲಿ ಕೂರುವುದಿಲ್ಲ, ಸಿಕ್ಕಿದ್ದಕ್ಕೆ ಸ್ಪಿರಿಟ್ಟಿನ ತುಂಡನ್ನು ಅಂಟಿಸಿ ತಾನು ಜಾಗ ಖಾಲಿ ಮಾಡುತ್ತದೆ. ಕೈಗಾರಿಕೆಗೆ ಅದೇ ಅನುಕೂಲ. ಮೈಯೊಳಗೆ ಹೋದರೆ ಅಂಟಿಸುವುದು ನಮ್ಮ ಜೀನುಗಳಿಗೆ.

"ಅಂಟಿಸಿದ್ರೆ ಏನಾಗುತ್ತೆ ಮೇಡಂ?" ಯಾರೋ ಕೇಳಿದರು.

"ಜೀನ್ ಕೆಡುತ್ತೆ. ಕೆಟ್ಟಿದ್ದು ಮುಂದೆ ಕ್ಯಾನ್ಸರ್ ಆಗಬಹುದು."

ನಾನು ಕೈ ಎತ್ತಿದೆ. ಎಂಟು ವರ್ಷದಲ್ಲಿ ಮೊದಲ ಸಲ. "ಪ್ರತಿ ಬ್ಯಾಚಲ್ಲೂ ಇದನ್ನ ಟೆಸ್ಟ್ ಮಾಡ್ತೀರಾ ಮೇಡಂ?"

"ಹತ್ತರಲ್ಲಿ ಒಂದು." ನನ್ನನ್ನೇ ನೋಡುತ್ತಾ ಹೇಳಿದರು. "ಅದಕ್ಕೇ ಚೆಕ್‌ಲಿಸ್ಟ್ ಇರೋದು."

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ.

ಜುಲೈ 23, ಮಧ್ಯಾಹ್ನ

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಡ್ರೈಯರ್ ರೂಮಿನ ಗೋಡೆಗೆ ಬ್ಯಾಚ್ ಪಟ್ಟಿ ನೇತುಹಾಕಿರುತ್ತಾರೆ. ಮೇ 29. ಆಸಿಡ್: ಏಳನೇ ಟ್ಯಾಂಕ್. ಬ್ಯಾಚ್ ನಂಬರ್ ಕೊನೆಗೆ 417. ಮಾರ್ಚ್ ಆರರಿಂದ ಮೇ ಇಪ್ಪತ್ತೊಂಬತ್ತು, ಹನ್ನೆರಡು ವಾರ. ಸುಡುವ ಬೇಸಿಗೆಯ ಹನ್ನೆರಡು ವಾರ.

ಪೈಪ್ ಅಣ್ಣನನ್ನು ಕೇಳಿದೆ. ಹುಷಾರಾಗಿ, ಬೇರೆ ಏನೋ ಮಾತಿನ ನಡುವೆ. "ಮಾರ್ಚಲ್ಲಿ ನಾನು ಏಳನೇ ಟ್ಯಾಂಕ್ ತೊಳೆದ ದಿನ ಆ ಮೊಣಕೈ ಪೈಪ್ ನೀನೇನಾದ್ರೂ ಬಿಚ್ಚಿದ್ದೆಯಾ ಅಣ್ಣ?"

"ನಾನ್ಯಾಕಪ್ಪಾ ಬಿಚ್ಲಿ? ಸ್ಪ್ಯಾನರ್ ಬೇಕು ಅಂತ ನೀನು ಬರ್ಲೇ ಇಲ್ಲ." ಆಮೇಲೆ ಮುಖ ನೋಡಿದ. "ಯಾಕೆ, ಏನಾಯ್ತು? ಮುಖ ಸುಣ್ಣದ ಹಾಗಿದೆ."

ಹಲ್ಲು ನೋವು ಅಂದೆ.

ಮನೆಗೆ ಬಂದು ಸ್ಟ್ರಿಪ್ ತೆಗೆದು ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. 417. ಎಲ್ಲವೂ 417.

ಹತ್ತು ದಿನದಿಂದ ಅವಳು ಇದನ್ನೇ ನುಂಗುತ್ತಿದ್ದಾಳೆ. ಡಬ್ಬಿಗೆ ತುಂಬಿದವನು ನಾನು. ಟ್ಯಾಂಕ್ ತೊಳೆದವನು ನಾನು. ಸಹಿ ಹಾಕಿದವನು ನಾನು.

ಜುಲೈ 25

ಹೇಳಬೇಕು. ಯಾರಿಗೆ? ಸೂಪರ್‌ವೈಸರ್‌ಗೆ ಹೇಳಿದರೆ ಸುಳ್ಳು ಸಹಿ, ಅಂದೇ ಕೆಲಸ ಹೋಗುತ್ತದೆ. ಕೆಲಸ ಹೋದರೆ ಸ್ಟ್ರಿಪ್ಪೂ ಹೋಗುತ್ತದೆ. ಡಾಕ್ಟರಿಗೆ ಹೇಳಿದರೆ ಫ್ಯಾಕ್ಟರಿಗೆ ಫೋನ್ ಮಾಡುತ್ತಾರೆ. ಅವಳಿಗೆ ಹೇಳಿದರೆ... ಅವಳು ಒಂದು ನಿಮಿಷವೂ ಸುಮ್ಮನಿರುವುದಿಲ್ಲ, ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ಫ್ಯಾಕ್ಟರಿ ಗೇಟಿಗೆ ಒಯ್ಯುತ್ತಾಳೆ.

ಬೆಳಿಗ್ಗೆ ಅವಳು ನೀರಿನ ಲೋಟ ಎತ್ತಿದಾಗ ಕೈ ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ. ನುಂಗಿ, ಲೋಟ ಇಟ್ಟು, "ಏನ್ರೀ ಹಾಗೆ ನೋಡ್ತಾ ಇದ್ದೀರಾ, ಹೊಸದಾಗಿ ಮದುವೆ ಆದವರ ಹಾಗೆ?" ಅಂದಳು. ನಕ್ಕೆ. ಅವಳ ಲೋಟವನ್ನು ಎರಡು ಸಲ ತೊಳೆದಿಟ್ಟೆ.

ಜುಲೈ 27, ಭಾನುವಾರ ಸಂಜೆ

ಮಾಡಿಬಿಟ್ಟೆ.

ಔಷಧದಂಗಡಿಯಲ್ಲಿ ವಿಟಮಿನ್ ಮಾತ್ರೆ ಸಿಕ್ಕಿತು. ಹಳದಿ, ಗುಂಡಗೆ, ಅದೇ ಗಾತ್ರ. ಒಂದು ಬದಿಗೆ ಗೆರೆ ಬೇರೆ ಥರ ಇದೆ, ಅಷ್ಟೇ. ಅವಳು ಮಾತ್ರೆ ನೋಡಿ ನುಂಗುವವಳಲ್ಲ, ಅಂಗೈಗೆ ಸುರಿದು ಬಾಯಿಗೆ ಎಸೆಯುವವಳು. ಏಳು ಮನೆಗೂ ಅದನ್ನೇ ತುಂಬಿದೆ. 417ರ ಸ್ಟ್ರಿಪ್‌ಗಳೆಲ್ಲ ನನ್ನ ಹಳೆಯ ಶೂ ಡಬ್ಬಿಯಲ್ಲಿವೆ.

ಎರಡು ವಾರದ ಮಾತು. ಬೇರೆ ಬ್ಯಾಚಿನದು ಎಲ್ಲಾದರೂ ಸಿಗುತ್ತದೆ. ನಾಲ್ಕು ವರ್ಷ ಸರಿಯಾಗಿ ತೆಗೆದುಕೊಂಡವಳಿಗೆ ಎರಡು ವಾರದಲ್ಲಿ ಏನಾಗುತ್ತದೆ? ಏನೂ ಆಗುವುದಿಲ್ಲ.

ಆಗಸ್ಟ್ 2, ಬೆಳಿಗ್ಗೆ 11

ಊರಿನ ಮೂರು ಔಷಧದಂಗಡಿ ಸುತ್ತಿದೆ. ಎರಡರಲ್ಲಿ ಇಲ್ಲ. ಮೂರನೆಯದು ಆಸ್ಪತ್ರೆಯ ಎದುರಿನದು. ಅಲ್ಲಿ ನನಗಿಂತ ಮುಂದೆ ಹೆಲ್ಮೆಟ್ ತೋಳಿಗೆ ಸಿಕ್ಕಿಸಿಕೊಂಡ ಒಬ್ಬರು ನಿಂತಿದ್ದರು, ನಲವತ್ತರ ಆಸುಪಾಸು. ಅದೇ ಮಾತ್ರೆ ಕೇಳಿದರು. ಅಂಗಡಿಯವನು ಎರಡು ಸ್ಟ್ರಿಪ್ ಇಟ್ಟ. ನಾನು ಕತ್ತು ಚಾಚಿ ನೋಡಿದೆ. 417.

ಅವರು ನನ್ನನ್ನು ನೋಡಿ ನಕ್ಕರು. "ನೀವೂ ಇದೇನಾ?"

"ನನ್ನ ಹೆಂಡತಿ."

"ನಾನು ಆರು ವರ್ಷದಿಂದ ತಗೋತಿದ್ದೀನಿ. ಗುಂಡುಕಲ್ಲಿನ ಹಾಗಿದ್ದೀನಿ ನೋಡಿ. ಏನೂ ಹೆದರಿಕೋಬೇಡಿ ಅಂತ ಹೇಳಿ ಅವರಿಗೆ."

ಹೇಳುತ್ತೇನೆ ಅಂದೆ. ಅವರು ಸ್ಟ್ರಿಪ್ ಜೇಬಿಗೆ ಹಾಕಿಕೊಂಡು ಗಾಡಿ ಹತ್ತಿದರು. ನಾನು ಬಾಯಿ ಬಿಡಲಿಲ್ಲ. ಅಂಗಡಿಯವನು ಎರಡು ಸಲ ಕರೆದ ಮೇಲೆ ಎಚ್ಚರ ಬಂತು. ಬೇರೆ ಬ್ಯಾಚಿನದು ಇದೆಯಾ ಕೇಳಿದೆ.

"ಬ್ಯಾಚ್ ಯಾವುದಾದರೇನು ಸಾರ್, ಮಾತ್ರೆ ಅದೇ ತಾನೆ? ಇನ್ನೊಂದು ಲಾಟ್ ಬರೋಕೆ ಒಂದೂವರೆ ತಿಂಗಳಾದ್ರೂ ಬೇಕು."

ಒಂದೂವರೆ ತಿಂಗಳು.

ಆಗಸ್ಟ್ 10

ತುಂಬಿದೆ. ವಿಟಮಿನ್.

ಆಗಸ್ಟ್ 17

ತುಂಬಿದೆ.

ಆಗಸ್ಟ್ 19, ಮಧ್ಯಾಹ್ನ

ಅವಳು ಮೆಟ್ಟಿಲು ಹತ್ತಿ ಬಂದು ಕುರ್ಚಿ ಹಿಡಿದು ನಿಂತಳು. ಎರಡು ಉಸಿರು, ಅಷ್ಟೇ. ಆಮೇಲೆ ಸರಿ. "ಬಿಸಿಲು ರೀ," ಅಂದಳು. ಬಿಸಿಲೇ ಇರಬಹುದು. ನನಗೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ.

ತಕ್ಕಡಿಗೆ ಎರಡು ತಟ್ಟೆ. ಒಂದರಲ್ಲಿ ವಿಷ ಇರುವ ಮಾತ್ರೆ. ಇನ್ನೊಂದರಲ್ಲಿ ಮಾತ್ರೆಯೇ ಇಲ್ಲ. ಬೆಳಿಗ್ಗೆ ಒಂದು ಭಾರ ಅನಿಸುತ್ತದೆ, ಮಧ್ಯಾಹ್ನ ಇನ್ನೊಂದು. ಶೂ ಡಬ್ಬಿ ತೆಗೆಯುತ್ತೇನೆ, ಮುಚ್ಚುತ್ತೇನೆ. ಇವತ್ತು ಒಂದು ಮಾತ್ರೆ ಕೈಗೆ ತೆಗೆದುಕೊಂಡು ಮೂಸಿ ನೋಡಿದೆ. ಯಾವ ವಾಸನೆಯೂ ಇಲ್ಲ. ಎಸ್ಟರಿಗೆ ವಾಸನೆ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಎರಡನೇ ಬ್ಲಾಕಿನಲ್ಲಿ ಮುಖವಾಡ ಹಾಕಿಕೊಂಡೇ ಇರುತ್ತಿದ್ದೆ.

ಆಗಸ್ಟ್ 31

ತುಂಬಿದೆ. ಶುಕ್ರವಾರ ಆರು ತಿಂಗಳ ಬ್ಲಡ್ ಟೆಸ್ಟಿನ ರಿಪೋರ್ಟ್. ಮರೆತುಹೋಗಿತ್ತು ಎಂದರೆ ಸುಳ್ಳು. ನೆನಪು ಮಾಡಿಕೊಳ್ಳದೆ ಇದ್ದೆ.

ಸೆಪ್ಟೆಂಬರ್ 5, ಸಂಜೆ 5.30

0.9. ಮಾರ್ಚಿನಲ್ಲಿ 0.01 ಇದ್ದದ್ದು.

ಡಾಕ್ಟರ್ ಕಾಗದವನ್ನು ಎರಡು ಸಲ ನೋಡಿದರು. ಕನ್ನಡಕ ತೆಗೆದರು. "ಮಾತ್ರೆ ಎಲ್ಲಾದ್ರೂ ತಪ್ಪಿಸಿದ್ರಾ?"

"ಇಲ್ಲ ಡಾಕ್ಟ್ರೇ. ಒಂದೂ ಇಲ್ಲ," ಅಂದಳು. ನನ್ನ ಕಡೆ ತಿರುಗಿ, "ಇವರನ್ನೇ ಕೇಳಿ. ಇವರೇ ಡಬ್ಬಿ ತುಂಬೋದು. ಎರಡೆರಡು ಸಲ ಎಣಿಸ್ತಾರೆ."

ಡಾಕ್ಟರ್ ನನ್ನನ್ನು ನೋಡಿದರು. ನಾನು ತಲೆ ಆಡಿಸಿದೆ. ಹೌದು ಎನ್ನುವ ಹಾಗೆ ಆಡಿಸಿದೆ.

"ತಪ್ಪಿಸದೇನೇ ಏರಿದೆ ಅಂದ್ರೆ ಕಾಯಿಲೆ ಈ ಮಾತ್ರೆಗೆ ಬಗ್ಗೋದನ್ನ ಬಿಡ್ತಾ ಇದೆ ಅಂತ. ಬೇರೆ ಔಷಧಕ್ಕೆ ಹೋಗಬೇಕಾಗಬಹುದು. ಅದು ಸ್ವಲ್ಪ ಒರಟು. ಹೃದಯ, ಶ್ವಾಸಕೋಶ ಎಲ್ಲ ನೋಡ್ಕೊಂಡು ಕೊಡಬೇಕು."

ವಾಪಸು ಬರುವಾಗ ಕಾರು ಅವಳೇ ಓಡಿಸಿದಳು. ಸಿಗ್ನಲ್ಲಿನಲ್ಲಿ ಬಲಕ್ಕೆ ತಿರುಗಬೇಕು, ಎಡದ ಇಂಡಿಕೇಟರ್ ಹಾಕಿದಳು. ಇಪ್ಪತ್ತು ವರ್ಷ ಜನರಿಗೆ ಕಲಿಸಿದವಳು. ಹಿಂದಿನವನು ಹಾರ್ನ್ ಹೊಡೆದ. ಆಗ ಅವಳ ಕಣ್ಣಿಂದ ನೀರು ಬಂತು. ಅವಳು ಹೆದರಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಸೆಪ್ಟೆಂಬರ್ 6, ಬೆಳಿಗ್ಗೆ 10

ಹೇಳಿದೆ.

ತಿಂಡಿ ಮುಗಿಸಿ ಅವಳು ಡಬ್ಬಿಗೆ ಕೈ ಹಾಕಿದಾಗ ಹೇಳಿದೆ. ಟ್ಯಾಂಕು, ಸ್ಪ್ಯಾನರ್, ಹನ್ನೊಂದನೇ ಸಾಲು, ಮೇಡಂ ಕ್ಲಾಸು, 417, ವಿಟಮಿನ್. ನಲವತ್ತು ದಿನ. ಶೂ ಡಬ್ಬಿ ತಂದು ಮೇಜಿನ ಮೇಲಿಟ್ಟೆ.

ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿ ಇತ್ತು. ಒಂದು ವಿಟಮಿನ್ ಮಾತ್ರೆ ತೆಗೆದು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಡಾಕ್ಟರ ಮುಂದೆ ಒಂದೂ ತಪ್ಪಿಸಿಲ್ಲ ಅಂತ ಹೇಳ್ದೆ. ನೀವು ಪಕ್ಕದಲ್ಲೇ ಕೂತಿದ್ರಿ."

"ಹೆದರಿಕೆ ಆಯ್ತು."

"ಯಾರಿಗೋಸ್ಕರ ಹೆದರಿಕೆ? ನನಗೋಸ್ಕರನಾ, ನಿಮಗೋಸ್ಕರನಾ?"

ಎರಡೂ ಅಂದೆ. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ಜೀವ ನಂದು ರೀ. ಆ ವಿಷ ಇರೋ ಮಾತ್ರೆ ನುಂಗ್ಲೋ ಬೇಡ್ವೋ ಅಂತ ನನ್ನ ಕೇಳಬೇಕಿತ್ತು. ಕಾರು ನಾನು ಓಡಿಸ್ತಾ ಇರುವಾಗ ನೀವು ಪಕ್ಕದಲ್ಲಿ ಕೂತು, ನನಗೆ ಗೊತ್ತಾಗದ ಹಾಗೆ ಬ್ರೇಕ್ ಒತ್ತಿ ಹಿಡ್ಕೊಂಡಿದ್ರಿ."

ಮಾತ್ರೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಕೇಳಿದಳು, "ನನ್ನ ಡಬ್ಬಿಯಿಂದ ತೆಗೆದ್ರಿ. ಮಿಕ್ಕವರದ್ದು?"

ಹೆಲ್ಮೆಟ್ಟಿನವರ ವಿಷಯ ಹೇಳಿದೆ. ಅವಳು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಹೇಳಿದಳು, "ಸೋಮವಾರ ಹೋಗಿ ಒಪ್ಪಿಕೊಂಡು ಬನ್ನಿ. ಅಲ್ಲಿವರೆಗೂ ನನ್ನ ಜೊತೆ ಮಾತಾಡಬೇಡಿ."

ಸೆಪ್ಟೆಂಬರ್ 7

ಡಬ್ಬಿ ಖಾಲಿ. ತುಂಬಲಿಲ್ಲ.

ಅಡುಗೆ ಅವಳು ಮಾಡಿದಳು, ಬಡಿಸಿಕೊಂಡು ನಾನು ತಿಂದೆ. ನನ್ನ ಅಂಗಿಗೆ ಇಸ್ತ್ರಿ ಮಾಡಿ ಕುರ್ಚಿಯ ಮೇಲಿಟ್ಟಿದ್ದಾಳೆ. ನಾಳೆಗೆ.

ಸೆಪ್ಟೆಂಬರ್ 8, ಮಧ್ಯಾಹ್ನ 2.15

ಒಂದೊಂದಾಗಿ ಬರೆಯಬೇಕು. ಇಲ್ಲದಿದ್ದರೆ ತಲೆಯಲ್ಲಿ ನಿಲ್ಲುವುದಿಲ್ಲ.

ಎಂಟೂವರೆಗೆ ಲ್ಯಾಬಿಗೆ ಹೋದೆ. ಮೇಡಂ ಒಬ್ಬರೇ ಇದ್ದರು. ನಿಂತುಕೊಂಡೇ ಹೇಳಿದೆ. "ಮಾರ್ಚ್ ನಾಲ್ಕನೇ ತಾರೀಕು ಏಳನೇ ಟ್ಯಾಂಕಿನ ಡ್ರೇನ್ ತೆರೆದು ನೋಡ್ಲಿಲ್ಲ ಮೇಡಂ. ಸುಳ್ಳು ಸಹಿ ಹಾಕ್ದೆ. 417 ವಾಪಸ್ ತರಿಸಿ. ಜನ ನುಂಗ್ತಿದ್ದಾರೆ."

ಮೇಡಂ ಬಾಗಿಲು ಮುಂದೆ ಮಾಡಿದರು. ಕುರ್ಚಿ ತೋರಿಸಿದರು. ಕಪಾಟಿನಿಂದ ಒಂದು ಫೈಲ್ ತೆಗೆದು ನನ್ನ ಮುಂದೆ ಬಿಡಿಸಿಟ್ಟರು. ನನ್ನ ಹದಿನಾಲ್ಕು ಸಹಿಯ ಪುಟ. ಅದರ ಹಿಂದೆ ಇನ್ನೊಂದು ಪುಟ. ಮಾರ್ಚ್ 5.

"ಹದಿನಾಲ್ಕು ಸಹಿ, ಒಂದೇ ಪೆನ್ನು, ಒಂದೇ ಓಟ, ಒಂದೇ ಟೈಮು. ನೋಡಿದ ಕೂಡಲೇ ಗೊತ್ತಾಯ್ತು," ಅಂದರು. "ಮಾರನೇ ದಿನ ನಿಮಗೆ ರಜ. ಆಸಿಡ್ ತುಂಬೋಕೆ ಮುಂಚೆ ಇನ್ನೊಬ್ಬರ ಕೈಲಿ ಡ್ರೇನ್ ತೆಗೆಸ್ದೆ. ಒಂದು ಲೋಟದಷ್ಟು ಸ್ಪಿರಿಟ್ ಬಂತು. ಮತ್ತೆ ಹನ್ನೆರಡು ಗಂಟೆ ಗಾಳಿ ಬಿಡಿಸಿ, ಸ್ಯಾಂಪಲ್ ನೋಡಿ, ಆಮೇಲೇ ತುಂಬಿಸಿದ್ದು. 417ನ ಹತ್ತರಲ್ಲಿ ಒಂದು ಅಂತ ಬಿಡ್ಲೂ ಇಲ್ಲ. ನಾನೇ ಟೆಸ್ಟ್ ಮಾಡ್ದೆ. ಎಸ್ಟರ್ ಇಲ್ಲ. ಚೊಕ್ಕವಾಗಿದೆ."

ಪುಟ ಓದಿದೆ. ಮತ್ತೆ ಮೊದಲಿನಿಂದ ಓದಿದೆ.

"ನನಗೆ ಯಾಕೆ ಹೇಳ್ಲಿಲ್ಲ ಮೇಡಂ?"

"ಎಂಟು ವರ್ಷದ ಕೆಲಸಗಾರರು. ಮನೇಲಿ ಕಾಯಿಲೆ. ರಿಪೋರ್ಟ್ ಮಾಡಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ಕರೆದು ಬೈದ್ರೆ ನೀವು ಮೊದಲೇ ಪುಕ್ಕಲು, ಇನ್ನೂ ಕುಗ್ಗಿಹೋಗ್ತೀರ ಅನ್ನಿಸ್ತು. ಅದಕ್ಕೇ ಕ್ಲಾಸಲ್ಲಿ ಆ ಚಿತ್ರ ಹಾಕ್ದೆ. ಅದು ನಿಮಗೇ ಅಂತ ಹಾಕಿದ್ದು. ತಾವಾಗೇ ತಿಳ್ಕೊಂಡು ಹುಷಾರಾಗ್ಲಿ ಅಂತ."

ತಿಳಿದುಕೊಂಡೆ. ಚೆನ್ನಾಗಿಯೇ ತಿಳಿದುಕೊಂಡೆ.

ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಮೇಡಂ ನೀರು ತಂದುಕೊಟ್ಟರು. "ಯಾಕೆ ಅಳ್ತಿದ್ದೀರಾ? ಯಾರಿಗೂ ಏನೂ ಆಗಿಲ್ಲ. ಒಳ್ಳೆ ಸುದ್ದಿ ತಾನೆ?"

ವಿಟಮಿನ್ ವಿಷಯ ಹೇಳಲು ಬಾಯಿ ಬರಲಿಲ್ಲ.

ಹೆಲ್ಮೆಟ್ಟಿನವರು ಸರಿಯಾದ ಔಷಧ ನುಂಗಿದ್ದಾರೆ. ಊರಿನಲ್ಲಿ 417 ತೆಗೆದುಕೊಂಡವರೆಲ್ಲ ಸರಿಯಾದ ಔಷಧ ನುಂಗಿದ್ದಾರೆ. ನನ್ನ ಹೆಂಡತಿ ಒಬ್ಬಳನ್ನು ಬಿಟ್ಟು.

2.40

ಗೇಟು ದಾಟುವಾಗಲೇ ಅವಳ ಫೋನ್ ಬಂದಿತ್ತು. ಎರಡು ದಿನದ ಮೇಲೆ ಅವಳ ದನಿ. ಬೆಳಿಗ್ಗೆ ಒಬ್ಬಳೇ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದಳಂತೆ. ನಲವತ್ತು ದಿನ ಔಷಧ ಬಿಟ್ಟವರಲ್ಲಿ ಕೆಲವರಿಗೆ ಮತ್ತೆ ಶುರು ಮಾಡಿದರೆ ಹಿಡಿತಕ್ಕೆ ಬರುತ್ತದಂತೆ. ಕೆಲವರಿಗೆ ಬರುವುದಿಲ್ಲವಂತೆ. ಯಾರಿಗೆ ಯಾವುದು ಎಂದು ಮೊದಲೇ ಹೇಳಲಾಗದಂತೆ. ಫ್ಯಾಕ್ಟರಿಯವರು ಏನನ್ನುತ್ತಾರೆ ತಿಳಿದುಕೊಂಡು ಒಂದು ದಿನವೂ ತಡ ಮಾಡದೆ ಬನ್ನಿ ಎಂದರಂತೆ.

"ಡಾಕ್ಟ್ರು ನಿಮ್ಮ ಮೇಲೆ ರೇಗಾಡಿದ್ರು ರೀ. ನಾನೇ ತಡೆದೆ. ಆ ವಿಷ ಹೊಟ್ಟೆಗೆ ಹೋಗೋದಕ್ಕಿಂತ ಇದೇ ವಾಸಿ ಡಾಕ್ಟ್ರೇ, ನಮ್ಮವರು ಹೆದರಿ ಹೆದರಿ ಆದ್ರೂ ನನ್ನ ಉಳಿಸಿದ್ರು ಅಂದೆ. ಸಿಟ್ಟು ಇಳೀತು. ಮನೇಲಿರಿ, ಮೂರು ಗಂಟೆಗೆ ಬರ್ತೀನಿ. ಊಟ ಮಾಡಿ."

ಹ್ಞೂಂ ಅಂದೆ. ಬೇರೆ ಏನೂ ಅನ್ನಲಿಲ್ಲ. ಗೇಟಿನ ಹತ್ತಿರ ನಿಂತು ಹ್ಞೂಂ ಅಂದೆ.

2.55

ಶೂ ಡಬ್ಬಿಯಿಂದ ಒಂದು ಸ್ಟ್ರಿಪ್ ತೆಗೆದಿದ್ದೇನೆ. 417. ಒಂದು ಮಾತ್ರೆ ಬಿಡಿಸಿ ತಟ್ಟೆಯಲ್ಲಿಟ್ಟಿದ್ದೇನೆ, ಪಕ್ಕದಲ್ಲಿ ನೀರು. ಇವತ್ತೇ ಶುರು ಮಾಡಬೇಕು. ಇದರಲ್ಲಿ ಏನೂ ಕೆಟ್ಟದ್ದಿಲ್ಲ. ಯಾವತ್ತೂ ಇರಲಿಲ್ಲ.

ಹೇಗೆ ಹೇಳಲಿ. 'ನಿನ್ನ ಮಾತ್ರೆ ಚೊಕ್ಕವಾಗಿತ್ತಂತೆ.' 'ಮೇಡಂ ಮೊದಲೇ ಸರಿಮಾಡಿದ್ದರಂತೆ.' 'ಯಾರಿಗೂ ಏನೂ ಆಗಿಲ್ಲವಂತೆ.' ಮೂರೂ ಒಳ್ಳೆಯ ಸುದ್ದಿಯ ಹಾಗೆ ಕೇಳಿಸುತ್ತವೆ. ಉಳಿಸಿದವನು ಅಂದಳು. ಜೀವನದಲ್ಲಿ ಯಾರೂ ನನಗೆ ಹಾಗೆ ಅಂದಿರಲಿಲ್ಲ.

ಮೊದಲು ಮಾತ್ರೆ ನುಂಗಲಿ, ಹೊಸ ಬ್ಯಾಚಿನದು ಸಿಕ್ಕಿತು ಎನ್ನುತ್ತೇನೆ, ನಾಳೆ ಡಾಕ್ಟರ ಮುಂದೆ ನಿಧಾನವಾಗಿ... ಇಲ್ಲ. ಮತ್ತೆ ಅದೇ. ಹೊಡೆದುಹಾಕಬೇಕು ಈ ಸಾಲನ್ನು.

ಕಾರು ಬಂತು. ಚಪ್ಪಲಿ ಬಿಡುತ್ತಿದ್ದಾಳೆ. "ಏನಂದ್ರು ರೀ ಲ್ಯಾಬಲ್ಲಿ?" ಎಂದು ಬಾಗಿಲಿನಿಂದಲೇ ಕೇಳುತ್ತಿದ್ದಾಳೆ. ದನಿ ಎಷ್ಟು ಹಗುರವಾಗಿದೆ. ಹೇಳುತ್ತೇನೆ. ನೀರು ಮುಟ್ಟುವ ಮುಂಚೆಯೇ, ಕೂರುವ ಮುಂಚೆಯೇ, 'ನಿನ್ನ ಮಾತ್ರೆಯಲ್ಲಿ ವಿಷ ಇರಲೇ...